ಫೈರ್‌ಫಾಕ್ಸ್ ಪ್ರೊಫೈಲ್ ಫೋಲ್ಡರ್ ಉಳಿಸಿಕೊಳ್ಳೋದು ಹೇಗೆ? ಮಾಡಿದವರು ಹೇಳಿ

ಅಪ್ಪನ ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿ ವಿಂಡೋಸ್ ಹೊಸದಾಗಿ ಹಾಕಬೇಕು. ಫೈರ್‌ಫಾಕ್ಸಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಬುಕ್‌ಮಾರ್ಕ್, ಪಾಸ್‌ವರ್ಡ್ ಇವೆ. ಸಿಂಕ್ ಅಕೌಂಟ್ (ಇವನ್ನೆಲ್ಲ ಇಂಟರ್ನೆಟ್ಟಿನಲ್ಲಿ ಉಳಿಸಿಡುವ ಖಾತೆ) ಇಲ್ಲ. ಇವೆಲ್ಲ ಎಲ್ಲಿರುತ್ತವೆ?

ಉತ್ತರ: ಎಲ್ಲವೂ ಒಂದೇ ಪ್ರೊಫೈಲ್ ಫೋಲ್ಡರಿನಲ್ಲಿರುತ್ತವೆ. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಪುಟ ತೆರೆಯಿರಿ. 'ಪ್ರೊಫೈಲ್ ಫೋಲ್ಡರ್' ಪಕ್ಕದ ಬಟನ್ ಒತ್ತಿದರೆ ಅಲ್ಲಿಗೇ ಹೋಗುತ್ತೀರಿ. ಆಮೇಲೆ ಫೈರ್‌ಫಾಕ್ಸ್ ಪೂರ್ತಿ ಮುಚ್ಚಿ. ತೆರೆದಿರುವಾಗಲೇ ಕಾಪಿ ಮಾಡಿದರೆ ಡೇಟಾಬೇಸ್ ಫೈಲುಗಳು ಅರ್ಧಂಬರ್ಧ ಬರಬಹುದು. ಫೈಲು ಆರಿಸುತ್ತಾ ಕೂರಬೇಡಿ, ಇಡೀ ಫೋಲ್ಡರ್ ಎತ್ತಿಕೊಳ್ಳಿ.

ಹೊಸ ವಿಂಡೋಸಿನಲ್ಲಿ ಅಡ್ರೆಸ್ ಬಾರಿನಲ್ಲಿ 'ಅಬೌಟ್:ಪ್ರೊಫೈಲ್ಸ್' ಅಂತ ಇಂಗ್ಲಿಷಿನಲ್ಲಿ ಹೊಡೆಯಿರಿ. ಹೊಸ ಪ್ರೊಫೈಲ್ ಮಾಡಿ, 'ಚೂಸ್ ಫೋಲ್ಡರ್' ಒತ್ತಿ ನಿಮ್ಮ ಕಾಪಿಯನ್ನು ತೋರಿಸಿ. ಅದನ್ನೇ ಡೀಫಾಲ್ಟ್ ಮಾಡಿ. ನಾನು ಹೀಗೇ ಮಾಡಿದ್ದು, ಬುಕ್‌ಮಾರ್ಕ್ ಬಾರ್ ಇದ್ದ ಹಾಗೇ ಬಂತು. ಹಾಕುವ ಫೈರ್‌ಫಾಕ್ಸ್ ಹಳೆಯದಕ್ಕಿಂತ ಹಿಂದಿನ ಆವೃತ್ತಿಯದಾಗಿರಬಾರದು ಅಷ್ಟೇ.

ಇನ್ನೊಬ್ಬರು: 'ಅಬೌಟ್:ಪ್ರೊಫೈಲ್ಸ್' ಪುಟದಲ್ಲಿ ಎರಡೆರಡು ಪ್ರೊಫೈಲ್ ಕಂಡರೆ ಗಾಬರಿ ಬೇಡ. 2019ರ 67ನೇ ಆವೃತ್ತಿಯಿಂದ ಪ್ರತಿ ಇನ್‌ಸ್ಟಾಲಿಗೂ ಬೇರೆ ಪ್ರೊಫೈಲ್ ಆಗುತ್ತದೆ. ಅಕ್ಕನ ಮನೆಯಲ್ಲಿ 'ಎಲ್ಲಾ ಹೋಯ್ತು' ಅಂತ ಅತ್ತಿದ್ದೇ ಬಂತು. ನೋಡಿದರೆ ಹಳೇ ಪ್ರೊಫೈಲ್ ಕೆಳಗಡೆ ಹಾಗೇ ಇತ್ತು! ಡೀಫಾಲ್ಟ್ ಬದಲಿಸಿದ ಕೂಡಲೇ ಎಲ್ಲಾ ಬಂತು. 'ರೂಟ್ ಡೈರೆಕ್ಟರಿ' ಅಂತ ಇರುವುದೇ ನಿಮಗೆ ಬೇಕಾದದ್ದು. 'ಲೋಕಲ್' ಅಂತ ಇರುವುದು ಬರೀ ಕ್ಯಾಶ್, ಅಂದರೆ ತಾತ್ಕಾಲಿಕ ಫೈಲುಗಳು.

ಮತ್ತೊಬ್ಬರು: ಪಾಸ್‌ವರ್ಡಿನ ಬಗ್ಗೆ ಒಂದು ಮಾತು. ಆ ಫೋಲ್ಡರಿನಲ್ಲಿ ಪಾಸ್‌ವರ್ಡ್ ಒಂದು ಫೈಲಿನಲ್ಲಿ, ಅದನ್ನು ತೆರೆಯುವ ಕೀ ಇನ್ನೊಂದರಲ್ಲಿ ಇರುತ್ತದೆ. ಪ್ರೈಮರಿ ಪಾಸ್‌ವರ್ಡ್ (ಉಳಿಸಿದ ಪಾಸ್‌ವರ್ಡುಗಳಿಗೆಲ್ಲ ಬೀಗದಂತಿರುವ ಒಂದು ಪಾಸ್‌ವರ್ಡ್) ಇಟ್ಟಿಲ್ಲದಿದ್ದರೆ ಆ ಕಾಪಿ ಸಿಕ್ಕವರಿಗೆಲ್ಲ ಅಪ್ಪನ ಬ್ಯಾಂಕ್ ಪಾಸ್‌ವರ್ಡ್ ಕೂಡ ಸಿಕ್ಕ ಹಾಗೆ. ದಯವಿಟ್ಟು ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವಿನಲ್ಲಿ ಇಡಬೇಡಿ.

ಕ್ರೋಮ್ ಬಳಸುವವರಿಗೆ: ಅಲ್ಲಿ ಫೋಲ್ಡರ್ ಕಾಪಿ ಸಾಲುವುದಿಲ್ಲ. ವಿಂಡೋಸಿನಲ್ಲಿ ಕ್ರೋಮ್ ಪಾಸ್‌ವರ್ಡುಗಳು ನಿಮ್ಮ ವಿಂಡೋಸ್ ಲಾಗಿನ್ನಿಗೇ ಅಂಟಿಕೊಂಡಿರುತ್ತವೆ. ಫಾರ್ಮ್ಯಾಟ್ ಆದ ಮೇಲೆ ತೆರೆಯುವುದಿಲ್ಲ. ಮೊದಲೇ ಪಾಸ್‌ವರ್ಡ್ ಮ್ಯಾನೇಜರಿನಿಂದ ಸಿಎಸ್‌ವಿ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಅದರಲ್ಲಿ ಎಲ್ಲವೂ ಯಾರು ಬೇಕಾದರೂ ಓದುವಂತೆ ಇರುತ್ತದೆ. ಇಂಪೋರ್ಟ್ ಆದ ಕೂಡಲೇ ಅಳಿಸಿ, ರೀಸೈಕಲ್ ಬಿನ್ನಿನಿಂದಲೂ ತೆಗೆದುಬಿಡಿ.