ಬಿಸಿ ಜಾಗದ ಕನೆಕ್ಟರ್ ಸ್ಪ್ರಿಂಗ್‌ಗೆ ಯಾವ ತಾಮ್ರ ಮಿಶ್ರಲೋಹ? ಬಳಸಿದವರು ಹೇಳಿ

ಪ್ರಶ್ನೆ: ಬೈಕ್ ಎಂಜಿನ್ ಪಕ್ಕದ ಕನೆಕ್ಟರ್. ಬಿಸಿ 140 ಡಿಗ್ರಿವರೆಗೆ, ಕರೆಂಟ್ 8 ಆಂಪಿಯರ್. ಈಗಿರುವುದು 6% ತವರದ ಫಾಸ್ಫರ್ ಬ್ರಾಂಜ್, ತವರದ ಲೇಪನ. ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತಿದೆ. ಬೆರಿಲಿಯಂ ಕಾಪರ್‌ಗೆ ಹೋಗಲೇ, ನಿಕಲ್-ಸಿಲಿಕಾನ್ ತಾಮ್ರ ಸಾಕೇ?

ಪೀಣ್ಯದ ಪ್ರೆಸ್‌ನವರು: ಬೆರಿಲಿಯಂ ಬಿಟ್ಟು ಬೇರೆ ಮಾತೇ ಬೇಡ. ನಮ್ಮದು ಓವನ್ ಸ್ವಿಚ್ಚಿನ ಸ್ಪ್ರಿಂಗ್. ಸಿ17200 ಅನ್ನುವ ಬೆರಿಲಿಯಂ ಕಾಪರಿನ ಮೃದು ಸ್ಟ್ರಿಪ್ ತಂದು, ಒತ್ತಿ, ಆಮೇಲೆ 315 ಡಿಗ್ರಿಯಲ್ಲಿ ಗಟ್ಟಿ ಮಾಡಿಸಿದೆವು. ಕುಲುಮೆಯಿಂದ ಬಂದ ಮೊದಲ ಲಾಟಿನಲ್ಲಿ ಸ್ಪ್ರಿಂಗಿನ ನಾಲಿಗೆಗಳೆಲ್ಲ ಸೊಟ್ಟ. ಅವನ್ನು ಹಿಡಿದಿಡುವ ಫಿಕ್ಸ್‌ಚರ್‌ಗೆ 85,000 ರೂಪಾಯಿ, ಜಾಬ್‌ವರ್ಕಿನವನ ಕನಿಷ್ಠ ಬ್ಯಾಚ್ ದರ, ಕಪ್ಪು ಪದರ ತೆಗೆಯಲು ಆಸಿಡ್ ತೊಳೆತ ಬೇರೆ. ಆದರೇನು, ಇಂದಿನವರೆಗೆ ಒಂದೂ ವಾಪಸ್ ಬಂದಿಲ್ಲ. ದುಡ್ಡು ಉಳಿಸುವವರು ಹಿತ್ತಾಳೆ ಹಾಕಿಕೊಳ್ಳಲಿ.

ಹೊಸೂರು ಟೂಲ್‌ರೂಂ: ಸ್ಕ್ರ್ಯಾಪಿನ ವಿಷಯ ನುಂಗಿಬಿಟ್ಟಿರಲ್ಲ! ತಾಮ್ರದ ಚೂರಿನ ಜತೆ ಬೆರಿಲಿಯಂ ಸೇರಿದೆಯೆಂದು ಗೊತ್ತಾದರೆ ಗುಜರಿಯವನು ಇಡೀ ಮೂಟೆ ಹಿಂದಕ್ಕೆ ಕಳಿಸುತ್ತಾನೆ. ನಾನು ಸಿ70250ಕ್ಕೆ, ಅಂದರೆ ನಿಕಲ್-ಸಿಲಿಕಾನ್ ತಾಮ್ರಕ್ಕೆ ಬಂದೆ. ವಾಹಕತೆ ಶುದ್ಧ ತಾಮ್ರದ 40%ರ ಆಸುಪಾಸು. ನಿಮ್ಮ ಸಿ17200 ಇಪ್ಪತ್ತರ ಮೇಲೆ ಒಂದಿಷ್ಟು, ಅಷ್ಟೆ. ಕಾಟ ಕೊಟ್ಟದ್ದು ಬಾಗು. ಬಾಗಿನ ಗೆರೆ ರೋಲಿಂಗ್ ದಿಕ್ಕಿಗೆ (ಸ್ಟ್ರಿಪ್ ಉರುಳೆಯಲ್ಲಿ ಎಳೆದ ಉದ್ದಕ್ಕೆ) ಸಮಾನಾಂತರವಾಗಿದ್ದ ಕಡೆಯೆಲ್ಲ, ಭೂತಗನ್ನಡಿ ಇಟ್ಟರೆ, ಹೊರಮೈಯಲ್ಲಿ ಕೂದಲೆಳೆಯಂಥ ಬಿರುಕು. ಲೇಔಟ್ 45 ಡಿಗ್ರಿ ತಿರುಗಿಸಿ ಹೊಸ ಡೈ ಮಾಡಲು 1.9 ಲಕ್ಷ ಹೋಯಿತು. ಸ್ಟ್ರಿಪ್ ಅಗಲವೂ ಬದಲಾಗಿ ಹಳೆಯ ಕಾಯಿಲ್ ಸ್ಟೋರಿನಲ್ಲಿ ಕೊಳೆಯುತ್ತಿದೆ. ಬೇಕಾದವರು ಹೇಳಿ, ದರ ಮಾತಾಡೋಣ.

ಪ್ಲೇಟಿಂಗ್ ಘಟಕ: ಲೋಹಕ್ಕೆ ಯಾಕೆ ಹೊಡೆದಾಡುತ್ತೀರಿ? 140 ಡಿಗ್ರಿಯಲ್ಲಿ ತವರದ ಲೇಪನ ತಾಮ್ರದೊಡನೆ ಬೆರೆತು ಗಡುಸು ಪದರವಾಗುತ್ತದೆ. ಅಡಿಯಲ್ಲಿ ನಿಕಲ್, ಮೇಲೆ ಬೆಳ್ಳಿ ಹಾಕಿ ಎಂದರೆ ದರ ಕೇಳಿ ಎದ್ದು ಹೋಗುತ್ತಾರೆ. ಕಂಟ್ಯಾಕ್ಟ್ ಸುಟ್ಟಾಗ ಮಾತ್ರ ನನ್ನ ತೊಟ್ಟಿಗೆ ಬೈಗುಳ.

ಸುರಕ್ಷತಾ ವಿಭಾಗದಲ್ಲಿದ್ದವಳು: ಬೆರಿಲಿಯಂ ಹೊಗಳುವವರು ಅದರ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆಂದು ಬರೆಯಲೇ ಇಲ್ಲ.

ಪೀಣ್ಯದ ಪ್ರೆಸ್‌ನವರು: ಸ್ಟ್ರಿಪ್ ಒತ್ತಿದರೆ ಧೂಳೆಲ್ಲಿಂದ ಬರಬೇಕು ಮೇಡಂ?

ಸುರಕ್ಷತಾ ವಿಭಾಗದಲ್ಲಿದ್ದವಳು: ಬರ್, ಅಂದರೆ ಅಂಚಿನ ಚೂಪು ಸಿಬಿರು ತೆಗೆಯಲು ಉಜ್ಜುವ ಬೆಲ್ಟಿಗೆ ಹಿಡಿದಾಗ ಬರುತ್ತದೆ ಸ್ವಾಮಿ. ಆ ಆಸಿಡ್ ಕೆಸರನ್ನು ಎಲ್ಲಿ ಸುರಿದಿರಿ?

ಪೀಣ್ಯದ ಪ್ರೆಸ್‌ನವರು: ಪರವಾನಗಿ ಇದ್ದವನೇ ಒಯ್ಯುತ್ತಾನೆ, ರಸೀದಿ ಇದೆ. ಅವನಿಗೆ ನಗದು ಎಣಿಸಬೇಕು, ನನ್ನ ಗ್ರಾಹಕ ಮಾತ್ರ ನಾಲ್ಕು ತಿಂಗಳು ಸತಾಯಿಸಬಹುದು.

ಹೊಸೂರು ಟೂಲ್‌ರೂಂ: ಸಣ್ಣ ಉದ್ದಿಮೆಗಳಿಗೆ 45 ದಿನದೊಳಗೆ ಪಾವತಿ ಆಗಬೇಕೆಂದು 2006ರ ಕಾಯ್ದೆಯೇ ಹೇಳುತ್ತದೆ. ದೂರು ಕೊಟ್ಟು ನೋಡಿ, ಮುಂದಿನ ಆರ್ಡರ್ ಪಕ್ಕದ ಶೆಡ್‌ಗೆ ಹೋಗುತ್ತದೆ. ನಮ್ಮಂಥವರ ಗೋಳು ಯಾರಿಗೆ ಬೇಕು?

ಪ್ಲೇಟಿಂಗ್ ಘಟಕ: ಕಾಯ್ದೆ ನೆನಪಿಸಿದ್ದು ಒಳ್ಳೆಯದಾಯಿತು ಹೊಸೂರಿನವರೇ. ದೀಪಾವಳಿಗೆ ಮುಂಚೆ ನಿಮಗೆ ಕಳಿಸಿದ ಬಿಲ್ಲು ಒಮ್ಮೆ ಹುಡುಕಿ.