14 ಕೆ.ಜಿ. ಮಗುವಿನ ಎದೆ ಸಿಟಿಗೆ 6 ಮಿಲಿಗ್ರೇ: ಆಟೋ ಎಂಎ ಆನ್ ಇದ್ದರೂ ಡೋಸ್ ಯಾಕೆ ಇಳಿಯುತ್ತಿಲ್ಲ?

ಸ್ಲೈಸ್_ಹದಿನಾರು:
ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿರುವುದು 16 ಸ್ಲೈಸ್ ಮೆಷಿನ್. ಮೂರು ವರ್ಷದ, 14 ಕೆ.ಜಿ. ತೂಕದ ಮಗುವಿಗೆ ಕಾಂಟ್ರಾಸ್ಟ್ (ಅಯೋಡಿನ್ ಇರುವ ಔಷಧಿ) ಹಾಕಿ ಎದೆ ಸ್ಕ್ಯಾನ್. 120 ಕೆವಿ (ಟ್ಯೂಬ್ ವೋಲ್ಟೇಜ್), ರೊಟೇಶನ್ (ಟ್ಯೂಬ್ ಒಂದು ಸುತ್ತು ಬರುವ ಸಮಯ) 0.8 ಸೆಕೆಂಡ್, ಪಿಚ್ (ಒಂದು ಸುತ್ತಿಗೆ ಟೇಬಲ್ ಸರಿಯುವ ದೂರ, ಬೀಮ್ ಅಗಲದ ಲೆಕ್ಕದಲ್ಲಿ) 0.938. ನಾಯ್ಸ್ ಇಂಡೆಕ್ಸ್ (ಚಿತ್ರದಲ್ಲಿ ಎಷ್ಟು ಕಾಳುಕಾಳು ಇರಬಹುದೆಂಬ ಗುರಿ) ಕೊಟ್ಟು ಆಟೋ ಎಂಎ (ಮೈಯ ದಪ್ಪ ನೋಡಿ ಟ್ಯೂಬ್ ಕರೆಂಟನ್ನು ಮೆಷಿನ್ ತಾನೇ ಹೊಂದಿಸುವುದು) ಆನ್. ಡೋಸ್ ರಿಪೋರ್ಟ್‌ನಲ್ಲಿ ಸಿಟಿಡಿಐ-ವಾಲ್ (ಮೆಷಿನ್ ಲೆಕ್ಕ ಹಾಕಿ ಕೊಡುವ ವಿಕಿರಣ ಡೋಸ್ ಅಂಕಿ) 6.0 ಮಿಲಿಗ್ರೇ ಬಂದಿದೆ. ತೆಳ್ಳಗಿನ ದೊಡ್ಡವರಿಗೂ ಹೆಚ್ಚುಕಮ್ಮಿ ಇಷ್ಟೇ ಬರುತ್ತದೆ. ಆಟೋ ಇದ್ದ ಮೇಲೆ ಮಗುವಿಗೆ ತಾನಾಗಿಯೇ ಇಳಿಯಬೇಕಲ್ಲವೇ? ಇನ್ನೊಂದು: ಹೊಟ್ಟೆಯ ಮೇಲೆ ಲೆಡ್ ಏಪ್ರನ್ ಹಾಕಿ ಅಂತ ತಂದೆ-ತಾಯಿ ಕೇಳುತ್ತಾರೆ. ಹಾಕಬೇಕೇ?

ಫ್ಯಾಂಟಮ್_32:
ಮೊದಲು ಆ 6.0 ಯಾವ ಫ್ಯಾಂಟಮ್‌ನ (ಡೋಸ್ ಅಳೆಯಲು ಮೈಯ ಬದಲು ಇಡುವ ಪ್ಲಾಸ್ಟಿಕ್ ಸಿಲಿಂಡರ್) ಲೆಕ್ಕ ಅಂತ ಡೋಸ್ ರಿಪೋರ್ಟ್‌ನಲ್ಲೇ ನೋಡಿ. ಕೆಲವು ಮೆಷಿನ್‌ಗಳಲ್ಲಿ ಮಕ್ಕಳ ಬಾಡಿ ಫೀಲ್ಡ್ ಆರಿಸಿದರೆ 16 ಸೆಂ.ಮೀ. ಫ್ಯಾಂಟಮ್‌ನ ಅಂಕಿ ಬರುತ್ತದೆ. ಅದು 32 ಸೆಂ.ಮೀ. ಅಂಕಿಯ ಎರಡು ಪಟ್ಟಿನಷ್ಟಿರುತ್ತದೆ. ಇದನ್ನು ನೋಡದೆ ಬೇರೆ ಕಡೆಯ ಅಂಕಿಗೆ ಹೋಲಿಸಿದರೆ ಪ್ರಯೋಜನವಿಲ್ಲ.

32 ಸೆಂ.ಮೀ. ಅಂತಲೇ ಇದ್ದರೆ ಖಂಡಿತ ಜಾಸ್ತಿ. 2018ರ ಯುರೋಪಿನ ಮಾರ್ಗಸೂಚಿಯಲ್ಲಿ 5ರಿಂದ 15 ಕೆ.ಜಿ. ಮಕ್ಕಳ ಎದೆ ಸ್ಕ್ಯಾನ್‌ಗೆ ಉಲ್ಲೇಖ ಮಟ್ಟ (ಮಾಮೂಲಿಯಾಗಿ ಮೀರಬಾರದ ಹೋಲಿಕೆ ಅಂಕಿ) 1.8 ಮಿಲಿಗ್ರೇ. 15ರಿಂದ 30 ಕೆ.ಜಿ.ಗೂ 2.7 ಮಾತ್ರ. ಅಲ್ಲದೆ ಮಗುವಿನ ಮೈಗೆ ನಿಜವಾಗಿ ತಗಲುವುದು 6 ಅಲ್ಲ. ಎದೆ ಮುಂದಿನಿಂದ ಹಿಂದಕ್ಕೆ 12, ಅಡ್ಡಕ್ಕೆ 18 ಸೆಂ.ಮೀ. ಇದೆ ಅಂದುಕೊಳ್ಳಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ 14.7. ಆ ಅಳತೆಗೆ ಎಎಪಿಎಂನ (ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ) 204ನೇ ವರದಿಯ ಗುಣಕ ಸುಮಾರು 2.16. ಅಂದರೆ 13 ಮಿಲಿಗ್ರೇ ಹತ್ತಿರ.

ಇನ್ನು ಆಟೋ ಎಂಎ. ಇದಕ್ಕೆ ಕನಿಷ್ಠ, ಗರಿಷ್ಠ ಎಂಬ ಎರಡು ಮಿತಿಗಳಿವೆ. ದೊಡ್ಡವರ ಪ್ರೋಟೋಕಾಲ್ ಕಾಪಿ ಮಾಡಿ ‘ಪೀಡಿಯಾಟ್ರಿಕ್’ ಅಂತ ಹೆಸರಿಟ್ಟಿದ್ದರೆ ಕನಿಷ್ಠ ಎಂಎ 80 ಅಥವಾ 100ರಲ್ಲೇ ಉಳಿದಿರುತ್ತದೆ. ಮೆಷಿನ್‌ಗೆ 40 ಸಾಕು ಅನಿಸಿದರೂ ಅದಕ್ಕಿಂತ ಕೆಳಗೆ ಹೋಗಲು ದಾರಿಯಿಲ್ಲ. ಸ್ಲೈಸ್‌ಗಳ ಮೇಲೆ ಬರೆದಿರುವ ಎಂಎ ನೋಡುತ್ತ ಹೋಗಿ. ಭುಜದಿಂದ ಡಯಾಫ್ರಮ್‌ವರೆಗೆ ಒಂದೇ ಅಂಕಿ ಇದ್ದರೆ ಆಟೋ ತಳ ಮುಟ್ಟಿ ಕೂತಿದೆ ಎಂದರ್ಥ. ಕನಿಷ್ಠವನ್ನು 20ಕ್ಕೆ, ಅಥವಾ ಮೆಷಿನ್ ಬಿಟ್ಟಷ್ಟು ಕೆಳಕ್ಕೆ ಇಳಿಸಿ.

ಎರಡನೇ ಅನುಮಾನ ಸ್ಲೈಸ್ ದಪ್ಪದ ಮೇಲೆ. ರೀಕನ್ ಎಂದರೆ ಸ್ಕ್ಯಾನ್‌ನ ಕಚ್ಚಾ ಡೇಟಾದಿಂದ ಚಿತ್ರ ಕಟ್ಟುವುದು. ನಾಯ್ಸ್ ಇಂಡೆಕ್ಸ್ ಲೆಕ್ಕ ಮೊದಲ ರೀಕನ್‌ನ ದಪ್ಪಕ್ಕೆ ಅಂಟಿಕೊಂಡಿರುತ್ತದೆ. 5 ಮಿ.ಮೀ. ಇದ್ದದ್ದನ್ನು 1.25 ಮಾಡಿ ಇಂಡೆಕ್ಸ್ ಹಾಗೇ ಬಿಟ್ಟರೆ ಅದೇ ನಾಯ್ಸ್ ಕೊಡಲು ಮೆಷಿನ್ ನಾಲ್ಕು ಪಟ್ಟು ಎಂಎ ಕೇಳುತ್ತದೆ. ಮೊದಲ ರೀಕನ್ 5 ಮಿ.ಮೀ.ನಲ್ಲೇ ಇರಲಿ, ತೆಳು ಸ್ಲೈಸ್ ಎರಡನೇ ರೀಕನ್‌ನಲ್ಲಿ ತೆಗೆಯಿರಿ.

ಗ್ಯಾಂಟ್ರಿ_ಪಕ್ಕ:
ಮೇಲಿನದಕ್ಕೆ ಟೇಬಲ್ ಎತ್ತರವನ್ನೂ ಸೇರಿಸಿ. ದೊಡ್ಡವರಿಗೆ ಇಟ್ಟ ಎತ್ತರದಲ್ಲೇ ಮಗುವನ್ನು ಮಲಗಿಸಿದರೆ ಮೈ ಗ್ಯಾಂಟ್ರಿಯ (ಮೆಷಿನ್‌ನ ಉಂಗುರ) ನಡುಮಧ್ಯಕ್ಕಿಂತ ಕೆಳಗಿರುತ್ತದೆ. ಟ್ಯೂಬ್ ಕೆಳಗಿಟ್ಟು ಸ್ಕೌಟ್ (ಸ್ಕ್ಯಾನ್‌ಗೆ ಮುಂಚಿನ ಚಪ್ಪಟೆ ಅಳತೆ ಚಿತ್ರ) ತೆಗೆದಾಗ ಮಗು ಟ್ಯೂಬ್‌ಗೆ ಹತ್ತಿರ, ನೆರಳು ದೊಡ್ಡದು. ಮೆಷಿನ್ ಅದನ್ನು ದಪ್ಪ ಮೈ ಎಂದು ತಿಳಿದು ಎಂಎ ಏರಿಸುತ್ತದೆ. ಪಕ್ಕದ ಲೇಸರ್ ಗೆರೆ ಕಂಕುಳ ನಡುವೆ ಬರುವಂತೆ ಟೇಬಲ್ ಎತ್ತಿ. ಹಾಗಂತ ಸ್ಕೌಟ್ ಅನ್ನು ಟ್ಯೂಬ್ ಮೇಲಿಟ್ಟು ತೆಗೆಯಬೇಡಿ. ಕೆಳಗಿನಿಂದ ತೆಗೆದರೆ ಥೈರಾಯ್ಡ್‌ಗೆ, ಎದೆಯ ಮುಂಭಾಗಕ್ಕೆ ಬೀಳುವುದು ಕಡಿಮೆ. ಸ್ಕೌಟ್ 80 ಕೆವಿಯಲ್ಲಿ, ಸ್ಕ್ಯಾನ್ ಮಾಡುವಷ್ಟೇ ಉದ್ದ ಸಾಕು. ಗಲ್ಲದಿಂದ ಸೊಂಟದವರೆಗೆ ಬೇಡ. ಕೈ ತಲೆಯ ಮೇಲೆ, ಇಸಿಜಿ ವೈರ್ ಪಕ್ಕಕ್ಕೆ.

ಏಪ್ರನ್: ಹೊಟ್ಟೆಗೆ ಸೇರುವ ಚದುರು ವಿಕಿರಣದಲ್ಲಿ ಹೆಚ್ಚಿನದು ಎದೆಯಿಂದ ಮೈಯೊಳಗೇ ಇಳಿದು ಬರುವಂಥದ್ದು, ಮೇಲೆ ಹೊದಿಸಿದ ಸೀಸ ಅದನ್ನು ತಡೆಯುವುದಿಲ್ಲ. ಸ್ಕೌಟ್‌ಗೆ ಮೊದಲೇ ಹಾಕಿ ಅಂಚು ಸ್ಕ್ಯಾನ್ ಜಾಗಕ್ಕೆ ಜಾರಿದರಂತೂ ಎಂಎ ಏರಿ, ಮಾಡಲು ಹೋದದ್ದೇ ತಿರುಗುಬಾಣ. ಜನನಾಂಗಕ್ಕೆ ಸೀಸ ಮುಚ್ಚುವ ವಾಡಿಕೆ ಬಿಡಿ ಎಂದು ಎಎಪಿಎಂ 2019ರಲ್ಲೇ ಹೇಳಿದೆ. ತಂದೆ-ತಾಯಿಗೆ ಇದನ್ನು ಎರಡು ಮಾತಿನಲ್ಲಿ ವಿವರಿಸಿ. ಮಗುವನ್ನು ಹಿಡಿದುಕೊಳ್ಳಲು ಒಳಗೆ ನಿಲ್ಲುವವರಿಗೆ ಏಪ್ರನ್ ಬೇಕೇ ಬೇಕು.

ಎದೆ_ಚಿತ್ರ:
ರಿಪೋರ್ಟ್ ಮಾಡುವ ಕಡೆಯಿಂದ ಒಂದು ಮಾತು. ರಿಪೋರ್ಟ್‌ನಲ್ಲಿ 6.0 ಎಂಬ ಸಾಲು ಎಷ್ಟು ಸಲ ಇದೆ? ‘ಪ್ಲೇನ್ ಆ್ಯಂಡ್ ಕಾಂಟ್ರಾಸ್ಟ್’ ಎಂದು ಚೀಟಿಯಲ್ಲಿ ಬರೆದು ಬಂದರೆ ಕಾಂಟ್ರಾಸ್ಟ್ ಇಲ್ಲದ್ದು, ಇರುವುದು ಎರಡೂ ಮಾಡುವ ರೂಢಿ ಹಲವು ಕಡೆ ಇದೆ. ಮಕ್ಕಳ ಎದೆಯಲ್ಲಿ ಟಿಬಿ ಗಂಟು, ಗಡ್ಡೆ, ಕೀವು ಯಾವುದಕ್ಕೂ ಕಾಂಟ್ರಾಸ್ಟ್‌ನ ಒಂದೇ ಸುತ್ತು ಸಾಮಾನ್ಯವಾಗಿ ಸಾಕು. ಗಂಟಿನೊಳಗಿನ ಸುಣ್ಣ ಅದರಲ್ಲೂ ಬಹುಪಾಲು ಕಾಣುತ್ತದೆ. ನೀವು ಕೆವಿ ಇಳಿಸಿ ಪರದಾಡಿ ಉಳಿಸುವ ಅರ್ಧವನ್ನು ಪ್ಲೇನ್ ಕೈಬಿಟ್ಟೇ ಉಳಿಸಬಹುದು. ಪ್ಲೂರಾದಲ್ಲಿ (ಶ್ವಾಸಕೋಶದ ಸುತ್ತಲಿನ ಪೊರೆ) ನೀರೋ ಕೀವೋ ಅಂತ ನೋಡಲು, ಎಷ್ಟು ಇಳಿದಿದೆ ಎಂದು ಮತ್ತೆ ನೋಡಲು ಅಲ್ಟ್ರಾಸೌಂಡ್ ಇದೆ. ಅದಕ್ಕೆ ಸಿಟಿ ಕೇಳಿದರೆ ಬರೆದ ವೈದ್ಯರಿಗೆ ಫೋನ್ ಮಾಡಿ.

ಸ್ಲೈಸ್_ಹದಿನಾರು:
ನೋಡಿದೆ. ಫ್ಯಾಂಟಮ್ 32 ಸೆಂ.ಮೀ., ಕನಿಷ್ಠ ಎಂಎ 100, ಎಲ್ಲ ಸ್ಲೈಸ್‌ನಲ್ಲೂ 100. ಮೊದಲ ರೀಕನ್ 5 ಮಿ.ಮೀ.ನಲ್ಲೇ ಇದೆ. ಕೆವಿ ಎಷ್ಟಕ್ಕೆ ಇಳಿಸಲಿ, 100 ಅಥವಾ 80?

ಫ್ಯಾಂಟಮ್_32:
ಹಾಗಾದರೆ ಲೆಕ್ಕ ಸುಲಭ. ಈಗ 100 × 0.8 ÷ 0.938, ಅಂದರೆ ಎಫೆಕ್ಟಿವ್ ಎಂಎಎಸ್ 85. ರೊಟೇಶನ್ 0.5, ಪಿಚ್ 1.375 ಮಾಡಿದರೆ ಅದೇ 100 ಎಂಎಗೆ 36. ಇಷ್ಟರಲ್ಲೇ 6.0 ಇದ್ದದ್ದು 2.6ಕ್ಕೆ ಬರುತ್ತದೆ, ಮಗು ಅಲುಗಾಡಿ ಚಿತ್ರ ಕೆಡುವುದೂ ಕಡಿಮೆ. 120ರಿಂದ 100 ಕೆವಿಗೆ ಬಂದರೆ ಎಂಎಎಸ್ ಅಷ್ಟೇ ಇದ್ದಾಗ ಡೋಸ್ ಇನ್ನೂ 35-40 ಪ್ರತಿಶತ ಇಳಿದು 1.6ರ ಆಸುಪಾಸು.

80 ಕೆವಿಯಲ್ಲಿ ಅಯೋಡಿನ್ ಇನ್ನೂ ಬೆಳ್ಳಗೆ ಕಾಣುತ್ತದೆ, ಅದರ ಕೆ-ಎಡ್ಜ್ (ಎಕ್ಸ್-ರೇಯನ್ನು ಒಮ್ಮೆಲೇ ಹೆಚ್ಚು ಹೀರಲು ಶುರುವಾಗುವ ಶಕ್ತಿ) 33.2 ಕೆಇವಿ ಆದ್ದರಿಂದ. ಆದರೆ ನಾಯ್ಸ್ ಇಂಡೆಕ್ಸ್ ಹಳೆಯದೇ ಇದ್ದರೆ ಆಟೋ ಎಂಎ ಏರಿಸಿ ಉಳಿತಾಯವನ್ನೆಲ್ಲ ತಿಂದುಹಾಕುತ್ತದೆ. ಕಾಂಟ್ರಾಸ್ಟ್ ಹೆಚ್ಚಿದಷ್ಟು ಇಂಡೆಕ್ಸ್ ಸಡಿಲಿಸಬೇಕು. 80ರಲ್ಲಿ 1.8 ಮಿಲಿಗ್ರೇ ತಲುಪಲು 180-190 ಎಂಎ ಬೇಕಾದೀತು. ಗರಿಷ್ಠ ಮಿತಿ 150ಕ್ಕೆ ಕಟ್ಟಿದ್ದರೆ ಭುಜದ ಹತ್ತಿರ ಗೆರೆಗೆರೆಯಾಗುತ್ತದೆ. ಹಾಗಾಗಿ ಮೊದಲು 100ರಲ್ಲಿ ಹೊಂದಿಸಿ. ರಿಪೋರ್ಟ್ ಮಾಡುವವರು ಮೀಡಿಯಾಸ್ಟೈನಮ್ (ಎರಡು ಶ್ವಾಸಕೋಶಗಳ ನಡುವಿನ ಜಾಗ) 5 ಮಿ.ಮೀ.ನಲ್ಲಿ ನೋಡಿ ಒಪ್ಪಿದ ಮೇಲೆ, 15 ಕೆ.ಜಿ. ಒಳಗಿನವರಿಗೆ 80ರದು ಬೇರೆ ಪ್ರೋಟೋಕಾಲ್ ಮಾಡಿ. ಹೆಸರಿನಲ್ಲಿ ವಯಸ್ಸು ಬರೆಯಬೇಡಿ, ತೂಕ ಬರೆಯಿರಿ. ಹಳೆಯ ‘ಪೀಡಿಯಾಟ್ರಿಕ್’ ಪ್ರೋಟೋಕಾಲ್ ಅಳಿಸಿಬಿಡಿ. ಇಲ್ಲದಿದ್ದರೆ ರಾತ್ರಿ ಪಾಳಿಯವರು ಅದನ್ನೇ ಒತ್ತುತ್ತಾರೆ.