ಸ್ಟೇನ್ ಅಂದರೆ ಕಲೆಯೋ, ಬಣ್ಣವೋ?

ಗೆಳೆಯರೇ,

ಬಯಾಪ್ಸಿಗೆ ತೆಗೆದ ತುಣುಕು ಲ್ಯಾಬಿಗೆ ಹೋದ ಮೇಲೆ ಏನಾಗುತ್ತದೆ ಎಂದು ರೋಗಿಗಳಿಗೆ ತಿಳಿಸುವ ಒಂದು ಪುಟ ಬರೆಯುತ್ತಿದ್ದೇನೆ. ಕೆಲವು ಇಂಗ್ಲಿಷ್ ಪದಗಳಿಗೆ ಕನ್ನಡ ಹುಡುಕುತ್ತಾ ಸಿಕ್ಕಿಹಾಕಿಕೊಂಡಿದ್ದೇನೆ, ಕೈ ಹಿಡಿಯಿರಿ.

ಮೊದಲನೆಯದು ಸ್ಟೇನ್. ಹಳೆಯ ಕರಡಿನಲ್ಲಿ 'ನಂತರ ಅಂಗಾಂಶವನ್ನು ಕಲೆ ಹಾಕಲಾಗುತ್ತದೆ' ಎಂದಿತ್ತು. ಅಕ್ಕನಿಗೆ ಓದಲು ಕೊಟ್ಟೆ. 'ಎಲ್ಲೆಲ್ಲಿಂದ ಕಲೆಹಾಕ್ತಾರೆ?' ಎಂದು ಕೇಳಿದಳು. ಅವಳದೇನೂ ತಪ್ಪಿಲ್ಲ. ಮಾಹಿತಿ ಕಲೆಹಾಕುವುದು ಅಂದರೆ ಒಟ್ಟುಮಾಡುವುದು ಅಲ್ವಾ? ಅದನ್ನು ಬಿಟ್ಟರೂ, ಕಲೆ ಎಂದರೆ ಬೇಡದೆ ಅಂಟಿದ್ದು. ಲ್ಯಾಬಿನವರು ಬೇಕೆಂದೇ ಬಣ್ಣ ಹಾಕುತ್ತಾರೆ. ಹಾಕದಿದ್ದರೆ ಮೈಕ್ರೋಸ್ಕೋಪಿನಲ್ಲಿ ಏನೂ ಬೇರೆಬೇರೆಯಾಗಿ ಕಾಣುವುದಿಲ್ಲ, ಎಲ್ಲ ಮಸುಕು ಗಾಜು. ಹಿಮಟಾಕ್ಸಿಲಿನ್ ಎಂಬುದು ಒಂದು ಮರದ ತಿರುಳಿನಿಂದ ಬರುವ ಬಣ್ಣ. ಅದು ಜೀವಕೋಶದ ನಡುವಿನ ಕೋಶಕೇಂದ್ರವನ್ನು ನೀಲಿ ಮಾಡುತ್ತದೆ. ಇಯೋಸಿನ್ ಸುತ್ತಲಿನದನ್ನು ಗುಲಾಬಿ ಮಾಡುತ್ತದೆ. (ಗ್ರೀಕಿನಲ್ಲಿ ಇಯೋಸ್ ಎಂದರೆ ಮುಂಜಾವು. ಚೆಂದದ ಹೆಸರು.) ಕೋಶಕೇಂದ್ರಗಳು ಊದಿಕೊಂಡು, ಆಕಾರ ಕೆಟ್ಟು, ಕಡುನೀಲಿಯಾಗಿ ಕಂಡರೆ ಪೆಥಾಲಜಿಸ್ಟರ (ಸ್ಲೈಡ್ ನೋಡಿ ರೋಗ ಗುರುತಿಸುವ ವೈದ್ಯರ) ಕಣ್ಣು ಅಲ್ಲೇ ನಿಲ್ಲುತ್ತದೆ. ಹಾಗಾಗಿ 'ಬಣ್ಣ ಹಾಕು', 'ಬಣ್ಣ ಹಿಡಿ' ಎಂದೇ ಬರೆದಿದ್ದೇನೆ. 'ಬಣ್ಣ ಕಟ್ಟು' ಎಂದು ಒಬ್ಬರು ಸೂಚಿಸಿದರು. ಆದರೆ ಬಣ್ಣ ಕಟ್ಟಿ ಹೇಳಿದ ರಿಪೋರ್ಟನ್ನು ಯಾರು ನಂಬುತ್ತಾರೆ!

ಎರಡನೆಯದು ಟಿಶ್ಯೂ. ಹಿಂದಿಯಲ್ಲಿ ಊತಕ ಎನ್ನುತ್ತಾರೆ, ನೇಯ್ದದ್ದು ಎಂಬ ಅರ್ಥದಲ್ಲಿ. ಟಿಶ್ಯೂ ಪದದ ಮೂಲವೂ ನೇಯ್ಗೆಯೇ. ಆದರೆ ನಮ್ಮ ಕಿವಿಗೆ ಊತಕ ಎಂದರೆ ಬಾವು! ಗಂಟು ತೋರಿಸಲು ಬಂದವರಿಗಂತೂ ಹಾಗೇ ಕೇಳುತ್ತದೆ. ಅಂಗಾಂಶವೇ ಇರಲಿ. ಅಂಗಾಂಶ ಕೃಷಿಯಿಂದಾಗಿ ಅದು ಜನರ ಬಾಯಿಗೂ ಬಂದಿದೆ.

ಸೆಕ್ಷನ್ ಸ್ವಲ್ಪ ಕಷ್ಟ. 'ವಿಭಾಗ' ಎಂದರೆ ಅದೊಂದು ಕಚೇರಿ. ಇಲ್ಲಿ ಆಗುವುದೇ ಬೇರೆ. ತುಣುಕಿನ ನೀರನ್ನು ಆಲ್ಕೋಹಾಲಿನಿಂದ ತೆಗೆದು, ಕರಗಿದ ಪ್ಯಾರಾಫಿನ್ ಮೇಣ ತುಂಬಿ, ಅಚ್ಚಿನಲ್ಲಿ ಗಟ್ಟಿಮಾಡುತ್ತಾರೆ. ಆಮೇಲೆ ಮೈಕ್ರೋಟೋಮ್ ಎಂಬ ಹೆರೆಯುವ ಯಂತ್ರದ ಅಲಗಿನಿಂದ 3ರಿಂದ 5 ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ). ಹೆರೆದದ್ದು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಬರುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟರೆ ಸುಕ್ಕು ಬಿಡುತ್ತದೆ. ಕೆಳಗಿನಿಂದ ಸ್ಲೈಡ್ ತೂರಿಸಿ ಮೆಲ್ಲಗೆ ಎತ್ತಿಕೊಳ್ಳುತ್ತಾರೆ. 'ಪದರ' ಸರಿಹೋಗಬಹುದಿತ್ತು, ಆದರೆ ಚರ್ಮಕ್ಕೇ ಪದರಗಳಿವೆ, ಗೊಂದಲ ಜಾಸ್ತಿ. ನನ್ನ ಓಟು 'ಹಾಳೆ'ಗೆ. ಆಪರೇಷನ್ ನಡೆಯುತ್ತಿರುವಾಗಲೇ ಉತ್ತರ ಬೇಕಾದರೆ ಮೇಣದ ಬದಲು ಹೆಪ್ಪುಗಟ್ಟಿಸಿ ಹೆರೆಯುತ್ತಾರೆ. ಅದು 'ಹೆಪ್ಪುಗಟ್ಟಿಸಿದ ಹಾಳೆ' ಆಗುತ್ತದೆ.

ನಿಜವಾಗಿ ಕೇಳಬೇಕಾದ್ದು ಫಿಕ್ಸೇಶನ್ ಬಗ್ಗೆ. ಪುಸ್ತಕಗಳಲ್ಲಿ 'ಸ್ಥಿರೀಕರಣ'. ನನಗೆ ಬೆಲೆ ಸ್ಥಿರೀಕರಣವೇ ನೆನಪಾಗುತ್ತದೆ. ತುಣುಕನ್ನು ತೆಗೆದ ಕೂಡಲೇ ಫಾರ್ಮಲಿನ್ ಎಂಬ ದ್ರಾವಣದಲ್ಲಿ ಚೆನ್ನಾಗಿ ಮುಳುಗಿಸುತ್ತಾರೆ. ತಡವಾದರೆ ಜೀವಕೋಶದೊಳಗಿನ ಕಿಣ್ವಗಳೇ ಅದನ್ನು ಕರಗಿಸತೊಡಗುತ್ತವೆ. 'ಕೆಡದಂತೆ ಇಡು' ಎಂದರೆ ಅರ್ಧ ಅರ್ಥ ಮಾತ್ರ ಬಂದಂತೆ. ಫಾರ್ಮಲಿನ್ ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆದು ತುಣುಕನ್ನು ಬಿಗಿಮಾಡುತ್ತದೆ. ತೊಗಲು ಹದ ಮಾಡುವಾಗಲೂ ಆಗುವುದು ಇಂಥದೇ ಬೆಸುಗೆ. ಅದಕ್ಕೆ 'ಹದ ಮಾಡು' ಎಂದು ಬರೆಯೋಣ ಅನ್ನಿಸಿತು. ಅಕ್ಕ ಮಾತ್ರ ಮುಖ ಸಿಂಡರಿಸಿದಳು: 'ನನ್ನ ಮೈಯಿಂದ ತೆಗೆದದ್ದನ್ನು ತೊಗಲಿನ ಹಾಗೆ ಹದ ಮಾಡ್ತಾರಾ?'

ನಿಮಗೂ ಮೊದಲು ತೊಗಲೇ ನೆನಪಾಗುತ್ತದಾ? ಅಥವಾ ಮಣ್ಣಿನ ಹದ, ಮಾತಿನ ಹದವೂ ಇರುವುದರಿಂದ ನಡೆಯುತ್ತದಾ? ಇದಕ್ಕಿಂತ ಒಳ್ಳೆಯ ಪದ ಗೊತ್ತಿದ್ದರೆ ಹೇಳಿ.